ಲೆಕ್ಕಪುಸ್ತಕಕ್ಕೆ ಬಾರದ ಸಾಲ: ಬೊಜ್ಜು, ವ್ಯಾಯಾಮ ಮತ್ತು ನಮ್ಮ ವರ್ತಕ ಸಮುದಾಯ

ಪ್ರತಿ ವರ್ಷ ಮಾರ್ಚ್ ಅಂತ್ಯಕ್ಕೆ ನಾವು ವರ್ತಕರು ದಾಸ್ತಾನು ಎಣಿಸುತ್ತೇವೆ. ಗೋದಾಮಿನಲ್ಲಿರುವ ತೊಗರಿಯ ಚೀಲಗಳೆಷ್ಟು, ಬರಬೇಕಾದ ಬಾಕಿ ಎಷ್ಟು, ಕೊಡಬೇಕಾದದ್ದು ಎಷ್ಟು ಎಂಬುದನ್ನು ಪೈಸೆ ಪೈಸೆಗೂ ತಾಳೆ ನೋಡುತ್ತೇವೆ. ಗಿರಣಿಯ ಮೋಟಾರಿಗೆ, ತೂಕದ ಯಂತ್ರಕ್ಕೆ, ಲಾರಿಗೆ ಸವಕಳಿ ಬರೆಯುತ್ತೇವೆ. ಆದರೆ ಇವೆಲ್ಲವನ್ನೂ ನಡೆಸುವ ಮಾಲೀಕನ ದೇಹ ಎಷ್ಟು ಸವೆದಿದೆ, ಅದರ ಮೇಲೆ ಎಷ್ಟು ಸಾಲ ಏರಿದೆ ಎಂಬುದನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಆ ಸಾಲವು ಒಂದು ದಿನ ಏಕಾಏಕಿ ವಸೂಲಿಗೆ ಬಂದಾಗ ನಮ್ಮ ಬಳಿ ಗಡುವು ಕೇಳುವ ಅವಕಾಶವೂ ಉಳಿದಿರುವುದಿಲ್ಲ.

ಮೂರು ವರ್ಷಗಳ ಹಿಂದೆ ತೊಗರಿಯ ಹಂಗಾಮಿನಲ್ಲಿ ಕಲಬುರಗಿಯ ನೆಹರು ಗಂಜಿನ ನನ್ನ ಮಿತ್ರರೊಬ್ಬರು 52ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬೆಳಗಿನ ವ್ಯವಹಾರ ಮುಗಿಸಿ ಬಂದು ಗಾದಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಅವರದು ಏಕಮಾಲೀಕತ್ವದ ಅಡತಿ ಅಂಗಡಿ. ರೈತರಿಗೆ ಕೊಟ್ಟ ಮುಂಗಡಗಳಲ್ಲಿ ಅರ್ಧಕ್ಕರ್ಧ ಬಾಯಿಮಾತಿನವು; ಅವುಗಳ ವಿವರ ಅವರ ತಲೆಯಲ್ಲಿ ಮಾತ್ರ ಇತ್ತು. ಬ್ಯಾಂಕಿನ ಸಾಲಕ್ಕೆ ಮನೆಯ ಜಾಮೀನಿತ್ತು. ಓದುತ್ತಿದ್ದ ಮಗ ಕಾಲೇಜು ಬಿಟ್ಟು ಬಂದು ಕೂತರೂ ಎರಡು ವರ್ಷದೊಳಗೆ ಅಂಗಡಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಏಳು ಜನ ಬೇರೆ ಕಡೆ ಕೆಲಸ ಹುಡುಕಿಕೊಂಡರು. ದೊಡ್ಡ ಕಂಪನಿಯಲ್ಲಿ ಒಬ್ಬ ನಿರ್ದೇಶಕ ಹೋದರೆ ಮತ್ತೊಬ್ಬ ಬರುತ್ತಾನೆ. ನಮ್ಮಂಥ ಸಣ್ಣ ಸಂಸ್ಥೆಗಳಲ್ಲಿ ಮಾಲೀಕನೇ ಸಂಸ್ಥೆ. ಆದಕಾರಣ ಮಾಲೀಕನ ಆರೋಗ್ಯವು ಅವನ ಖಾಸಗಿ ವಿಷಯವೆಂದು ತಳ್ಳಿಹಾಕುವಂತಿಲ್ಲ. ಅದು ಶುದ್ಧ ವಾಣಿಜ್ಯ ವಿಷಯವೂ ಹೌದು. ಈ ಪತ್ರಿಕೆಯಲ್ಲಿ ಬೊಜ್ಜು ಮತ್ತು ವ್ಯಾಯಾಮದ ಕುರಿತು ಬರೆಯಲು ಧೈರ್ಯ ಮಾಡಿರುವುದು ಇದೇ ಕಾರಣಕ್ಕೆ.

ಆ ಸಾವಿನ ಮರುತಿಂಗಳು ನಾನೂ ತಪಾಸಣೆ ಮಾಡಿಸಿಕೊಂಡೆ. ಸೊಂಟದ ಸುತ್ತಳತೆ 104 ಸೆಂಟಿಮೀಟರ್ ಬಂದಿತು. ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿತ್ತು; ರಕ್ತದೊತ್ತಡ ಹೊಸ್ತಿಲು ದಾಟಿ ಒಳಗೇ ಬಂದಿತ್ತು. ಅಲ್ಲಿಯವರೆಗೆ ಹೊಟ್ಟೆಯನ್ನು ಸಾಹುಕಾರಿಕೆಯ ಲಕ್ಷಣವೆಂದು ನಾನೂ ನಗುತ್ತ ಹೇಳಿಕೊಂಡವನೇ.

ಗೋಣಿಚೀಲದ ಊರಿನಿಂದ ಬಂದ ಪಾಠ

ನಮ್ಮ ಗಂಜಿನ ವ್ಯಾಪಾರಕ್ಕೂ ಗೋಣಿಚೀಲಕ್ಕೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಆ ಚೀಲಗಳನ್ನು ನೇಯುವ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ನಡೆದ ಅಧ್ಯಯನವೊಂದು 1956ರಲ್ಲಿ ಪ್ರಕಟವಾಯಿತು. ಜೀನ್ ಮೇಯರ್ ಎಂಬ ಪೋಷಣಾ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು 213 ಜನರ ಆಹಾರ, ತೂಕ ಮತ್ತು ದುಡಿಮೆಯನ್ನು ತಾಳೆ ಹಾಕಿದರು. ಅವರಲ್ಲಿ ಕಲ್ಲಿದ್ದಲು ಹೊರುವವರು, ನೇಕಾರರು, ಗುಮಾಸ್ತರು ಇದ್ದರು. ಗಿರಣಿಯ ಬಜಾರಿನಲ್ಲಿ ಇಡೀ ದಿನ ಕುಳಿತು ವ್ಯಾಪಾರ ಮಾಡುವ ಅಂಗಡಿಕಾರರೂ ಇದ್ದರು.

ಕಷ್ಟದ ಕೆಲಸ ಮಾಡುವವನು ಹೆಚ್ಚು ಉಣ್ಣುತ್ತಾನೆ, ಕುಳಿತವನು ಕಡಿಮೆ ಉಣ್ಣುತ್ತಾನೆ ಎಂಬುದು ಸಾಮಾನ್ಯ ತಿಳಿವಳಿಕೆ. ದುಡಿಯುವವರಲ್ಲಿ ಅದು ನಿಜವಾಗಿಯೇ ಕಂಡಿತು. ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚಿತ್ತು, ಆದರೆ ತೂಕ ಒಂದು ಮಟ್ಟದಲ್ಲಿಯೇ ನಿಂತಿತ್ತು. ಅಂಗಡಿಕಾರರ ಲೆಕ್ಕ ಮಾತ್ರ ಈ ಸಾಲಿನಿಂದ ತಪ್ಪಿತ್ತು. ಅವರು ಹೆಚ್ಚುಕಡಿಮೆ ಭಾರ ಹೊರುವವರಷ್ಟೇ ಉಣ್ಣುತ್ತಿದ್ದರು; ತೂಕದಲ್ಲಿ ಎಲ್ಲರನ್ನೂ ಮೀರಿಸಿದ್ದರು. ಅಂದರೆ, ಚಲನೆಯು ಒಂದು ಮಿತಿಗಿಂತ ಕೆಳಗೆ ಇಳಿದಾಗ ಹಸಿವೆಯು ದೇಹದ ಅಗತ್ಯಕ್ಕೆ ತಕ್ಕಂತೆ ಇಳಿಯುವುದನ್ನು ನಿಲ್ಲಿಸಿಬಿಡುತ್ತದೆ. ಗಾದಿಯ ಮೇಲೆ ಕುಳಿತವನ ಹೊಟ್ಟೆಗೆ ತನ್ನ ಯಜಮಾನನು ಚೀಲ ಹೊತ್ತಿಲ್ಲವೆಂಬುದೇ ತಿಳಿಯುವುದಿಲ್ಲ ಎಂದು ಹೇಳಬಹುದು. ಈ ಅಧ್ಯಯನ ನಮ್ಮ ಗಂಜಿನಲ್ಲಿ ನಡೆದಿದ್ದರೂ ಫಲಿತಾಂಶ ಬೇರೆ ಆಗುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಇದಕ್ಕೆ ಮೂರು ವರ್ಷ ಮೊದಲು, 1953ರಲ್ಲಿ, ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಕುರಿತು ಇಂಥದೇ ಸಂಗತಿಯನ್ನು ಹೊರಗೆಡವಿದ್ದರು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು. ಒಂದೇ ಬಸ್ಸು, ಒಂದೇ ಊರು, ಸಂಬಳದಲ್ಲಿಯೂ ಮಹಾ ವ್ಯತ್ಯಾಸವಿಲ್ಲ. ಒಬ್ಬ ಕೂತಿದ್ದ, ಇನ್ನೊಬ್ಬ ನಡೆಯುತ್ತಿದ್ದ.

ದೇಹದೊಳಗೆ ನಡೆಯುವುದೇನು?

ಕೊಬ್ಬು ಎಂದರೆ ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುವ ಸರಕು ಎಂದು ನಾವು ಭಾವಿಸಿದ್ದೇವೆ. ಚರ್ಮದ ಕೆಳಗಿನ ಕೊಬ್ಬು ಒಂದು ಮಟ್ಟಿಗೆ ಹಾಗೆ ಇರಬಹುದು. ಆದರೆ ಹೊಟ್ಟೆಯೊಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಸೇರುವ ಕೊಬ್ಬು ಸುಮ್ಮನಿರುವ ಸರಕಲ್ಲ. ಅದು ಕೊಬ್ಬಿನಾಮ್ಲಗಳನ್ನೂ ಉರಿಯೂತವನ್ನುಂಟುಮಾಡುವ ರಾಸಾಯನಿಕಗಳನ್ನೂ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇದರಿಂದ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತಾಗುತ್ತವೆ. ಮೇದೋಜ್ಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿದು ಕೊನೆಗೆ ದಣಿಯುತ್ತದೆ. ಮಧುಮೇಹ ಹೀಗೆ ಬರುತ್ತದೆ. ರಕ್ತದೊತ್ತಡ, ರಕ್ತನಾಳಗಳ ಒಳಗೋಡೆಯ ಹಾನಿ, ಮೊಣಕಾಲಿನ ಸವೆತ, ನಿದ್ರೆಯಲ್ಲಿ ಗೊರಕೆಯ ನಡುವೆ ಉಸಿರು ಕಟ್ಟುವುದು ಇವೆಲ್ಲ ಇದರ ಬಂಧುಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ 13 ಬಗೆಯ ಕ್ಯಾನ್ಸರ್‌ಗಳಿಗೂ ಅತಿಯಾದ ಕೊಬ್ಬಿಗೂ ಸಂಬಂಧವಿರುವುದನ್ನು ಗುರುತಿಸಿದೆ.

ಭಾರತೀಯರ ಮೈಕಟ್ಟಿನಲ್ಲಿ ಇನ್ನೊಂದು ತೊಡಕಿದೆ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮಲ್ಲಿ ಸಾಮಾನ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರು 2004ರಲ್ಲಿ ತಮ್ಮದೂ ತಮ್ಮ ಬ್ರಿಟಿಷ್ ಸಹೋದ್ಯೋಗಿಯದೂ ಚಿತ್ರವನ್ನು ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3, ಆದರೆ ದೇಹದ ಕೊಬ್ಬಿನ ಪ್ರಮಾಣ ಬ್ರಿಟಿಷರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ಈ ಕಾರಣದಿಂದಲೇ ನಮ್ಮ ವೈದ್ಯರು 2009ರಿಂದ ಭಾರತೀಯರಿಗೆ ಪ್ರತ್ಯೇಕ ಮಿತಿಗಳನ್ನು ಹೇಳುತ್ತಿದ್ದಾರೆ: ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು, ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ಬಟ್ಟೆ ಅಂಗಡಿಯ ಟೇಪು ಸಾಕು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಇನ್ನು ವ್ಯಾಯಾಮ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿ ನಮ್ಮ ಸ್ನಾಯುಗಳೇ. ಕುಳಿತ ಸ್ನಾಯುವು ಇನ್ಸುಲಿನ್ ಬಂದು ಬಾಗಿಲು ತಟ್ಟಿದರೆ ಮಾತ್ರ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದುಡಿಯುವ ಸ್ನಾಯುವು ಇನ್ಸುಲಿನ್ನಿಗೆ ಕಾಯದೆ ತಾನೇ ಬಾಗಿಲು ತೆರೆಯುತ್ತದೆ. ಒಮ್ಮೆ ಚೆನ್ನಾಗಿ ನಡೆದರೆ ಇದರ ಪರಿಣಾಮ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿದುಹೋಗುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ಉಳಿದ ಆರು ದಿನ ಕುಳಿತರೆ ಲಾಭ ಪೂರ್ತಿ ಕೈಗೆ ಬಾರದಿರಲು ಇದೂ ಒಂದು ಕಾರಣ. ನಿಯತವಾದ ವ್ಯಾಯಾಮದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ವಿರಾಮದ ನಾಡಿ ನಿಧಾನವಾಗುತ್ತದೆ, ರಕ್ತದೊತ್ತಡ ಕೆಲವು ಅಂಕ ಇಳಿಯುತ್ತದೆ, ಮೂಳೆ ಗಟ್ಟಿಯಾಗುತ್ತದೆ, ನಿದ್ರೆ ಹತ್ತುತ್ತದೆ. ನಡು ವಯಸ್ಸು ದಾಟಿದ ಮೇಲೆ ವರ್ಷದಿಂದ ವರ್ಷಕ್ಕೆ ಕರಗುವ ಸ್ನಾಯುವನ್ನು ಉಳಿಸಿಕೊಳ್ಳಲು ಭಾರ ಎತ್ತುವ, ಬಸ್ಕಿ ಹೊಡೆಯುವಂಥ ವ್ಯಾಯಾಮವೂ ಬೇಕು. ವಾರಕ್ಕೆ 150ರಿಂದ 300 ನಿಮಿಷಗಳ ಬಿರುಸಿನ ನಡಿಗೆ ಅಥವಾ ಅದಕ್ಕೆ ಸಮನಾದ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಬಲದ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ತೂಕವೊಂದೇ ಲಾಭನಷ್ಟದ ಲೆಕ್ಕವಲ್ಲ

ಇಲ್ಲಿ ನಮ್ಮವರು ಮಾಡುವ ಒಂದು ತಪ್ಪು ಲೆಕ್ಕವನ್ನು ಹೇಳಬೇಕು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. 70 ಕಿಲೋ ತೂಕದವನು ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 250. ಕಾಗದದ ಮೇಲೆ ಒಂದು ತಿಂಗಳು ನಡೆದರೆ ಇಳಿಯುವುದು ಒಂದು ಕಿಲೋ! ಅದೂ ನಡಿಗೆ ಮುಗಿಸಿ ಬರುವಾಗ ಬಂಡಿಯ ಮುಂದೆ ನಿಂತು ಮಿರ್ಚಿ ಭಜಿ ತಿನ್ನದಿದ್ದರೆ. ಆರಂಭದ ಉತ್ಸಾಹದಲ್ಲಿ ಅಪ್ಪನ ಕೆರೆಯ ದಂಡೆಗೆ ನಡೆಯಲು ಹೋದವರು ಮೂರು ವಾರದಲ್ಲಿ ತೂಕದ ಯಂತ್ರ ನೋಡಿ ನಿರಾಶರಾಗಿ ನಿಲ್ಲಿಸುವುದು ಇದೇ ಕಾರಣಕ್ಕೆ.

ತೂಕ ಇಳಿಯಬೇಕಾದರೆ ತಟ್ಟೆಯ ಲೆಕ್ಕ ನೋಡಬೇಕು. ಗಂಜಿನಲ್ಲಿ ದಿನಕ್ಕೆ ಹತ್ತು ಸಲ ಅರ್ಧ ಕಪ್ಪು ಚಹಾ ಕುಡಿಯುವುದು ಅಪರೂಪವಲ್ಲ. ಬಂದ ಗಿರಾಕಿಗೆ ಚಹಾ ತರಿಸಿದಾಗ ನಾವೂ ಕುಡಿಯದಿದ್ದರೆ ಮರ್ಯಾದೆಯಲ್ಲ. ಅರ್ಧ ಕಪ್ಪಿಗೆ ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆ ಹಿಡಿದರೂ ದಿನಕ್ಕೆ 50 ಗ್ರಾಂ, ವರ್ಷಕ್ಕೆ 18 ಕಿಲೋ ಮೀರುತ್ತದೆ. ಇದು ಚಹಾದ್ದು ಮಾತ್ರ. ಮಾಲಪುರಿ, ಹೋಳಿಗೆಗಳ ಲೆಕ್ಕ ಬೇರೆ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಕ್ಕರೆಯ ಮೇಲ್ಮಿತಿಯೇ 50 ಗ್ರಾಂ. ನಮ್ಮ ಹಿರಿಯರ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆಯ ಊಟದಲ್ಲಿ ದೋಷವಿಲ್ಲ. ಅದರ ಮೇಲೆ ನಾವು ಹೇರಿಕೊಂಡದ್ದರಲ್ಲಿ ದೋಷವಿದೆ.

ಹಾಗಾದರೆ ತೂಕ ಇಳಿಸದ ವ್ಯಾಯಾಮ ವ್ಯರ್ಥವೇ? ಖಂಡಿತ ಅಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇಕಡಾ 55ರಷ್ಟು ಮಂದಿಗೆ ಮಧುಮೇಹ ಬಂದಿತು. ಆಹಾರ ಮತ್ತು ನಡಿಗೆಯ ನಿಯಮ ಪಾಲಿಸಿದವರಲ್ಲಿ ಈ ಪ್ರಮಾಣ ಶೇಕಡಾ 39.3ಕ್ಕೆ ಇಳಿಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಂದರೆ ತೂಕದ ಯಂತ್ರಕ್ಕೆ ಕಾಣದ ಲಾಭವು ರಕ್ತದಲ್ಲಿ, ಸ್ನಾಯುವಿನಲ್ಲಿ ಜಮೆಯಾಗುತ್ತಿರುತ್ತದೆ. ನನ್ನದೇ ತೂಕ ಮೂರು ವರ್ಷದಲ್ಲಿ ಇಳಿದದ್ದು ಆರು ಕಿಲೋ ಮಾತ್ರ. ಸೊಂಟ 95ಕ್ಕೆ ಬಂದಿದೆ. ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿದೆ. ರಕ್ತದೊತ್ತಡದ ಗುಳಿಗೆ ಇನ್ನೂ ತಪ್ಪಿಲ್ಲ.

ಕಮಲಾಪುರದ ಅಣ್ಣ ಹೇಳಿದ ಮಾತು

ಇದು ಪೇಟೆಯ ರೋಗ, ಹಳ್ಳಿಯವರಿಗೆ ಇದರ ಕಾಟವಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ನನಗೂ ಇತ್ತು. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ನನ್ನ ದೊಡ್ಡಪ್ಪನ ಮಗ ಕೆಂಬಾಳೆ ಬೆಳೆಯುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಬಾಳೆಯ ಗೊನೆ ತೂಗುವ ತೋಟದಲ್ಲಿ ಚಿಕ್ಕಂದಿನಲ್ಲಿ ನಾನೂ ನೀರು ತಿರುವಿದ್ದೇನೆ. ಮಡಿ ಒಡೆದು, ಕಾಲುವೆ ಕಟ್ಟಿ, ಗೊನೆಗಳನ್ನು ತಲೆಯ ಮೇಲೆ ರಸ್ತೆಯವರೆಗೆ ಹೊತ್ತು ತರುತ್ತಿದ್ದ ಅಣ್ಣನ ಮೈ ಕಡೆದಿಟ್ಟಂತಿತ್ತು. ಕಳೆದ ವರ್ಷ ತೋಟಕ್ಕೆ ಹೋದಾಗ ನನ್ನ ತಪಾಸಣೆಯ ಕಥೆ ಹೇಳಿದೆ. ಅಣ್ಣ ನಗುತ್ತ, "ತಮ್ಮಾ, ನಿನ್ನ ಹೊಟ್ಟಿ ಮಾತು ಬಿಡು, ನಂದೂ ಅದೇ ಹಾದಿ ಹಿಡದದ. ಈಗ ಹನಿ ನೀರಾವರಿ ಅದ, ಮೋಟಾರು ಗುಂಡಿ ಒತ್ತಿದ್ರ ನೀರು ಹರೀತದ. ತೋಟದ ತನಕ ಬೈಕು. ಗೊನಿ ಹೊರಲಿಕ್ಕ ಟಂಟಂ ಬರ್ತದ. ಊಟ ಮಾತ್ರ ಅಪ್ಪನ ಕಾಲದ್ದೇ ಅದ" ಎಂದರು. ಅವರಿಗೂ ಸಕ್ಕರೆಯ ಕಾಯಿಲೆ ಕಾಣಿಸಿಕೊಂಡು ಒಂದು ವರ್ಷವಾಗಿತ್ತು.

ಬಂಗಾಳದ ಆ ಅಧ್ಯಯನದ ಸಾರವನ್ನು ಅಣ್ಣ ಒಂದೇ ಮಾತಿನಲ್ಲಿ ಹೇಳಿದ್ದರು: ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ. ಹನಿ ನೀರಾವರಿ ಬೇಡ, ಬೈಕು ಬೇಡ ಎಂದು ಯಾರೂ ಹೇಳಲಾರರು. ಅವು ಬಂದದ್ದರಿಂದ ಬದುಕು ಹಗುರಾಗಿದೆ. ಹಾಗೆಯೇ ನಮ್ಮ ಹಮಾಲರ ದುಡಿಮೆಯನ್ನು ವ್ಯಾಯಾಮವೆಂದು ಹೊಗಳುವುದೂ ಸಲ್ಲದು. ಬೆನ್ನು, ಮೊಣಕಾಲು ಸವೆಯುವಂತೆ ವಿಶ್ರಾಂತಿಯಿಲ್ಲದೆ ಭಾರ ಹೊರುವುದು ಬೇರೆ. ದೇಹ ತಾಳುವಷ್ಟು, ಚೇತರಿಕೆಗೆ ಬಿಡುವಿಟ್ಟು ಮಾಡುವ ಶ್ರಮ ಬೇರೆ. ದುಡಿಮೆಯಿಂದ ತೆಗೆದುಹಾಕಿದ ಚಲನೆಯನ್ನು ದಿನಚರಿಗೆ ಬೇರೆ ರೀತಿಯಲ್ಲಿ ಮರಳಿ ತರಬೇಕಾಗಿದೆ.

ಅಂಕಿಅಂಶಗಳೂ ಇದನ್ನೇ ಹೇಳುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜಿರುವ ಗಂಡಸರು 2015–16ರಲ್ಲಿ ಶೇಕಡಾ 22.1 ಇದ್ದರು, 2019–21ರಲ್ಲಿ ಶೇಕಡಾ 30.9 ಆದರು. ಹೆಂಗಸರಲ್ಲಿ ಇದು ಶೇಕಡಾ 23.3ರಿಂದ 30.1ಕ್ಕೆ ಏರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನವು 2023ರಲ್ಲಿ ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದೂ ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತು. ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು 2022ರಲ್ಲಿ ಭಾರತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಹೆಂಗಸರಲ್ಲಿ ಶೇಕಡಾ 57. ನಮ್ಮ ಮನೆಯ ಹೆಣ್ಣುಮಕ್ಕಳು ದಿನವಿಡೀ ಮನೆಗೆಲಸ ಮಾಡುತ್ತಾರೆ, ಅವರಿಗೆ ವ್ಯಾಯಾಮವೇಕೆ ಎನ್ನುವವರು ಈ ಅಂಕಿಯನ್ನು ಮತ್ತೊಮ್ಮೆ ಓದಬೇಕು. ಬೆಳಗಿನ ನಡಿಗೆಗೆ ಯಜಮಾನರು ಒಬ್ಬರೇ ಹೊರಡುವ ರೂಢಿ ತಪ್ಪಬೇಕು.

ಕೆಲವು ಆಕ್ಷೇಪಗಳು

ಸಮಯವಿಲ್ಲ ಎಂಬುದು ಮೊದಲ ಆಕ್ಷೇಪ. ಹಂಗಾಮಿನ ದಿನಗಳಲ್ಲಿ ಇದು ಸುಳ್ಳಲ್ಲ. ಆದರೆ ವ್ಯಾಯಾಮವನ್ನು ಒಂದೇ ಗಂಟೆಯಾಗಿ ಮಾಡಬೇಕೆಂಬ ನಿಯಮವಿಲ್ಲ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಗಂಜಿನೊಳಗೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಸ್ಕೂಟರಿನಲ್ಲಿ ಹೋಗುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ. ಫೋನಿನಲ್ಲಿ ದರ ಮಾತಾಡುವಾಗ ಕುಳಿತೇ ಇರಬೇಕೆಂದು ಯಾರೂ ಹೇಳಿಲ್ಲ.

ಬಿಸಿಲಿನದು ಎರಡನೆಯ ಆಕ್ಷೇಪ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರು ನಮ್ಮದು. ಆ ದಿನಗಳಲ್ಲಿ ಸೂರ್ಯ ಏರುವ ಮೊದಲೇ ನಡಿಗೆ ಮುಗಿಯಬೇಕು, ಇಲ್ಲವೇ ಮನೆಯೊಳಗಿನ ವ್ಯಾಯಾಮಕ್ಕೆ ತೃಪ್ತಿಪಡಬೇಕು. ವರ್ಷಗಟ್ಟಲೆ ಕುಳಿತವರು, ಎದೆನೋವು ಅಥವಾ ಏದುಸಿರು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಮೂರನೆಯದು ಔಷಧದ ಮೇಲಿನ ಭರವಸೆ. ತೂಕ ಇಳಿಸುವ, ವಾರಕ್ಕೊಮ್ಮೆಯ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ಅವು ಅನೇಕರಿಗೆ ನಿಜವಾಗಿಯೂ ಉಪಕಾರಿ. ಬೊಜ್ಜು ಕೇವಲ ಸೋಮಾರಿತನದ ಫಲವಲ್ಲ, ವಂಶ, ಹಾರ್ಮೋನು, ನಿದ್ರೆ, ಮಾನಸಿಕ ಒತ್ತಡಗಳೂ ಅದರಲ್ಲಿ ಪಾಲುದಾರರು. ದಪ್ಪಗಿರುವವರನ್ನು ಹೀಯಾಳಿಸುವುದರಿಂದ ಯಾರ ಸೊಂಟವೂ ಇಳಿದಿಲ್ಲ. ಆದರೆ ಆ ಔಷಧದಿಂದ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ; ನಿಲ್ಲಿಸಿದರೆ ತೂಕದ ಬಹುಪಾಲು ಮರಳಿ ಬರುತ್ತದೆ. ವೈದ್ಯರ ಮೇಲ್ವಿಚಾರಣೆಯೂ ವ್ಯಾಯಾಮವೂ ಅಲ್ಲಿಯೂ ತಪ್ಪಿದ್ದಲ್ಲ.

ನಾವೇನು ಮಾಡಬಹುದು?

ಹೃದಯದ ಚಿಕಿತ್ಸೆಗೆ ಸೊಲ್ಲಾಪುರ, ಹೈದರಾಬಾದುಗಳಿಗೆ ಓಡುತ್ತಿದ್ದ ನಮ್ಮ ಊರಿನಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಕಟ್ಟಡ ಉದ್ಘಾಟನೆಗೊಂಡಿತು. ಇದು ಇಡೀ ಕಲ್ಯಾಣ ಕರ್ನಾಟಕಕ್ಕೆ ಸಮಾಧಾನದ ಸಂಗತಿ. ಆದರೆ ಆ ಹಾಸಿಗೆಗಳನ್ನು ತುಂಬುವ ಸಾಲಿನಲ್ಲಿ ನಾವೇ ಮುಂದೆ ನಿಲ್ಲಬೇಕೆ ಎಂಬುದನ್ನು ಯೋಚಿಸಬೇಕು. ನಮ್ಮ ಸಂಸ್ಥೆಯ ಮುಂದೆ ಕೆಲವು ಸಲಹೆಗಳನ್ನು ಇಡಬಯಸುತ್ತೇನೆ.

ಒಂದು: ತೊಗರಿಯ ಆವಕ ಆರಂಭವಾಗುವ ಮೊದಲು, ನವೆಂಬರ್‌ನಲ್ಲಿ, ಪ್ರತಿ ವರ್ಷ ಆರೋಗ್ಯ ತಪಾಸಣಾ ಶಿಬಿರ ನಡೆಯಲಿ. ಮಾಲೀಕರು, ಮುನೀಮರು, ಹಮಾಲರು, ಗಿರಣಿ ಕಾರ್ಮಿಕರು ಒಂದೇ ಸಾಲಿನಲ್ಲಿ ನಿಲ್ಲಲಿ. ಸೊಂಟದ ಅಳತೆ, ರಕ್ತದೊತ್ತಡ, ಸಕ್ಕರೆ ಇಷ್ಟು ನೋಡಿದರೂ ಸಾಕು.

ಎರಡು: ನಮ್ಮ ಸಭೆಗಳ ಉಪಾಹಾರ ಬದಲಾಗಲಿ. ಉದ್ದಿಮೆದಾರರ ಹಿತ ಚರ್ಚಿಸುವ ಸಭೆಯಲ್ಲಿ ಭಜಿ ಮತ್ತು ಎರಡು ಸಿಹಿ ಹಂಚುವ ಬದಲು ಹುರಿದ ಶೇಂಗಾ, ಮೊಳಕೆ ಕಾಳು, ಮಜ್ಜಿಗೆ ಕೊಡಬಹುದು. ಕಮಲಾಪುರದ ಒಂದೊಂದು ಕೆಂಬಾಳೆಯನ್ನೂ ಇಡಬಹುದು; ರೈತನಿಗೂ ಅನುಕೂಲ. ಮಧುಮೇಹಿಗಳು ಮಾತ್ರ ಅದನ್ನು ಅಳತೆಯಲ್ಲಿ ತಿನ್ನಲಿ.

ಮೂರು: ಕಪನೂರು, ನಂದೂರು ಕೈಗಾರಿಕಾ ಪ್ರದೇಶಗಳಲ್ಲಿ ರಸ್ತೆಬದಿಯ ಕಾಲುದಾರಿ, ದೀಪ ಮತ್ತು ನೆರಳಿನ ಮರಗಳಿಗಾಗಿ ನಾವು ಬೇಡಿಕೆ ಇಡೋಣ. ವಿದ್ಯುತ್ ದರದ ಕುರಿತು ಮನವಿ ಕೊಡುವ ನಾವು ನಡೆಯುವ ದಾರಿಗಾಗಿ ಮನವಿ ಕೊಟ್ಟರೆ ಅಗೌರವವೇನೂ ಇಲ್ಲ.

ನಾಲ್ಕು: ವಾರದ ರಜೆ ನಿಜವಾದ ರಜೆಯಾಗಲಿ. ಅರ್ಧ ಬಾಗಿಲು ತೆರೆದು ಒಳಗೆ ವ್ಯವಹಾರ ಮಾಡುವ ರೂಢಿಯಿಂದ ಯಾರಿಗೂ ಮಹಾ ಲಾಭವಾಗಿಲ್ಲ.

ಐದು: ಪ್ರತಿಯೊಬ್ಬ ಮಾಲೀಕನೂ ಬಾಯಿಮಾತಿನ ವ್ಯವಹಾರಗಳ ವಿವರವನ್ನು ಬರೆದು ಮನೆಯವರಿಗೆ ತಿಳಿಸಿಡಲಿ. ಇದು ವ್ಯಾಯಾಮದ ವಿಷಯವಲ್ಲ ನಿಜ. ಆದರೂ ಆ ಮಿತ್ರರ ಮಗ ಎರಡು ವರ್ಷ ಪಟ್ಟ ಪಾಡನ್ನು ಕಂಡವನಾಗಿ ಇದನ್ನು ಹೇಳದೆ ಇರಲಾರೆ.

ಮುಂದಿನ ಹಂಗಾಮು ಬರಲಿದೆ. ಹರಾಜಿನ ಗದ್ದಲದಲ್ಲಿ ಈ ಮಾತುಗಳು ಮರೆತುಹೋಗುವುದು ಸಹಜ. ಆದ್ದರಿಂದ ವರ್ತಕ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ: ಈ ಲೇಖನ ಓದಿ ಮುಗಿಸಿದ ದಿನವೇ ಒಂದು ಟೇಪು ತೆಗೆದುಕೊಂಡು ಹೊಕ್ಕಳದ ಮಟ್ಟದಲ್ಲಿ ಸೊಂಟ ಅಳೆದುಕೊಳ್ಳಿ. ಬಂದ ಅಂಕಿಯನ್ನು ಖಾತೆಪುಸ್ತಕದ ಮೊದಲ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. ಮುಂದಿನ ಮಾರ್ಚ್ ಅಂತ್ಯಕ್ಕೆ ದಾಸ್ತಾನು ಎಣಿಸುವಾಗ ಅದನ್ನೂ ಒಮ್ಮೆ ತಾಳೆ ನೋಡಿ.